ಮಳೆಗಾಲದಲ್ಲಿ ಆಗುಂಬೆ–ಹುಲಿಕಲ್ ಬೈಕ್ ಸುತ್ತು: ಹೋಗುವುದಾ, ಬಿಡುವುದಾ?

ಗಾಜನೂರು ಗಾಳಿ · ಶುಕ್ರವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ. ಹನ್ನೊಂದು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ, ಈಗಿರುವುದು 150 ಸಿಸಿ ಗಾಡಿ. ಆಗಸ್ಟ್‌ನಲ್ಲಿ ಒಂದು ಸುತ್ತು ಹೋಗುವ ಆಸೆ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಸಿದ್ದಾಪುರ, ಹೊಸಂಗಡಿ. ಮತ್ತೆ ಹುಲಿಕಲ್ ಘಾಟಿ ಹತ್ತಿ ಮಾಸ್ತಿಕಟ್ಟೆ, ನಗರ, ಹೊಸನಗರ, ರಿಪ್ಪನ್‌ಪೇಟೆ ಮೇಲೆ ವಾಪಸ್. ಎರಡು ದಿನ. ಒಂದು ಘಾಟಿ ಇಳಿಯುವುದು, ಇನ್ನೊಂದು ಹತ್ತುವುದು.

ತೊಂದರೆ ಏನೆಂದರೆ, ಹೋದ ವರ್ಷ ಇದೇ ಸುತ್ತಿಗೆ ಹೊರಟು ಮಂಡಗದ್ದೆ ಹತ್ತಿರವೇ ಬಿದ್ದೆ. ಮೂವತ್ತೈದರ ಮೇಲೆ ಇರಲಿಲ್ಲ. ಸಣ್ಣ ತಿರುವು. ಮಳೆ ಆಗಷ್ಟೇ ನಿಂತಿತ್ತು. ಗಾಡಿ ಒಂದು ಸಲ ಸೊಂಟ ತಿರುಗಿಸಿದ ಹಾಗಾಯಿತು, ಅಷ್ಟೇ ನೆನಪು. ನೋಡಿದರೆ ನಾನು ಟಾರಿನ ಮೇಲೆ ಕೂತಿದ್ದೆ. ಗಾಡಿ ಹತ್ತು ಅಡಿ ಮುಂದೆ ಚರಂಡಿಗೆ ಮುಖ ಮಾಡಿ ಮಲಗಿತ್ತು. ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಮರದ ಹನಿ ಸೈಲೆನ್ಸರ್ ಮೇಲೆ ಬಿದ್ದು ಚುಸ್ ಚುಸ್ ಅನ್ನುತ್ತಿತ್ತು. ಎಡಗೈ ಮಣಿಕಟ್ಟಿನಲ್ಲಿ ಬಿರುಕು, ಆರು ವಾರ ಪ್ಲಾಸ್ಟರ್. ಪಕ್ಕದ ಮನೆಯಿಂದ ಕೊಡೆ ಹಿಡಿದು ಬಂದ ಅಜ್ಜಿ ಮೊದಲು ಕೇಳಿದ್ದು "ತಿಂಡಿ ಆಗಿದ್ಯಾ?" ಅಂತ. ಆಮೇಲೆ ಕಷಾಯ ಕೊಟ್ಟರು.

ಮಳೆಯಲ್ಲಿ ಹೋಗಬಹುದಾ? ಈ ಸಲ ಹೆಂಡತಿಯೂ ಬರುತ್ತೇನೆ ಅನ್ನುತ್ತಿದ್ದಾಳೆ, ಕರೆದುಕೊಂಡು ಹೋಗುವುದು ಸರಿಯಾ? ಇನ್ನೊಂದು ವಿಷಯ ಒಂದು ವರ್ಷದಿಂದ ತಲೆ ತಿನ್ನುತ್ತಿದೆ. ನಾನು ಬಿದ್ದದ್ದು ಯಾಕೆ? ಎದ್ದು ನೋಡಿದರೆ ರಸ್ತೆ ಚೊಕ್ಕವಾಗಿತ್ತು. ಎಣ್ಣೆ ಇಲ್ಲ, ಮಣ್ಣಿಲ್ಲ, ಗುಂಡಿ ಇಲ್ಲ.

ಬೆಲ್ಲದ ಕಾಫಿ · ರಾತ್ರಿ 10:34

ಅಮ್ಮ ಏನನ್ನುತ್ತಾರೆ?

ಗಾಜನೂರು ಗಾಳಿ · ರಾತ್ರಿ 10:36

ಗಾಡಿ ಮಾರು ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಅದನ್ನೇ ಅನ್ನುತ್ತಿದ್ದಾರೆ.

ಹಳೇ ಯೆಜ್ಡಿ · ಶನಿವಾರ, ಬೆಳಿಗ್ಗೆ 5:50

ಹೋಗಿ ಮಾರಾಯ್ರೆ. ಮಳೆಗಾಲ ಬಿಟ್ಟು ಬೇಸಿಗೆಯಲ್ಲಿ ಆಗುಂಬೆಗೆ ಹೋಗಿ ಏನು ನೋಡುತ್ತೀರಿ? ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಅದು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮಳೆ ಇಲ್ಲದ ಆಗುಂಬೆ ಅಂದರೆ ನೆಂಟರು ಹೋದ ಮೇಲಿನ ಮದುವೆ ಮನೆ.

ನನಗೀಗ ಅರವತ್ತೆಂಟು. ಗಾಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ನನ್ನ ಗಾಡಿ ಇನ್ನೂ ಹಾಕಿಲ್ಲ. ಅದರಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಂತಿಲ್ಲ. ಎರಡೂ ಒಂದೇ ಲಿವರ್. ಒದ್ದು ಸ್ಟಾರ್ಟ್ ಮಾಡಿ ಅದನ್ನೇ ಮುಂದಕ್ಕೆ ತಂದರೆ ಗೇರ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಆ ಎಣ್ಣೆಯಿಂದಲೇ ಪಿಸ್ಟನ್ ಬದುಕುವುದು. ಈಗ ಯೋಚಿಸಿ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಹೋಗುವುದಿಲ್ಲ, ಅದರ ಜೊತೆ ಎಣ್ಣೆಯೂ ಇಲ್ಲ. ಎಂಜಿನ್ ಜಾಮ್ ಆಗಿ ಗಾಡಿ ನಡುರಸ್ತೆಯಲ್ಲಿ ಕಲ್ಲಾಗುತ್ತದೆ. ಟೂ ಸ್ಟ್ರೋಕ್ ಆದ್ದರಿಂದ ಎಂಜಿನ್ ಹಿಡಿತವೂ ಅಷ್ಟಕ್ಕಷ್ಟೇ. ಹಾಗಾಗಿ ಆಗುಂಬೆಯ ಹದಿನಾಲ್ಕು ತಿರುವೂ ಬ್ರೇಕ್ ಹಿಡಿದು, ನಡುನಡುವೆ ರುಂಯ್ ರುಂಯ್ ಅಂತ ಸ್ವಲ್ಪ ಕೊಟ್ಟು ಇಳಿಯಬೇಕಿತ್ತು. ಸೋಮೇಶ್ವರ ಮುಟ್ಟುವಾಗ ಬ್ರೇಕ್ ಡ್ರಮ್ಮಿನ ಮೇಲೆ ದೋಸೆ ಹೊಯ್ಯಬಹುದಿತ್ತು.

ನನ್ನ ಮಗ ಕೇಳುತ್ತಾನೆ, ಕಾರಿನಲ್ಲೂ ಅದೇ ರಸ್ತೆ, ಅದೇ ಕಾಡು, ನೆನೆಯುವುದು ಯಾಕೆ ಅಂತ. ಅವನಿಗೆ ಹೇಗೆ ಹೇಳುವುದು? ಬಿಸಿಲಿನಿಂದ ಮರಗಳ ಕೆಳಗೆ ನುಗ್ಗಿದಾಗ ತಂಪು ಮೊದಲು ಗೊತ್ತಾಗುವುದು ಮೊಣಕಾಲಿಗೆ. ಯಾರ ಮನೆಯಲ್ಲಿ ಹಲಸಿನ ಹಪ್ಪಳ ಕರಿಯುತ್ತಿದ್ದಾರೆ ಅಂತ ರಸ್ತೆಯಿಂದಲೇ ಹೇಳಬಹುದು. ಹಳ್ಳ ಎಲ್ಲಿ ತುಂಬಿದೆ ಅಂತ ಸೇತುವೆ ಬರುವ ಮೊದಲೇ ಕಿವಿಗೆ ಬರುತ್ತದೆ. ಕಾರಿನಲ್ಲಿ ಕಾಡು ಕಿಟಕಿಯಾಚೆ ಇರುತ್ತದೆ. ಅಷ್ಟೇ ವ್ಯತ್ಯಾಸ.

ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಲಾಂಚ್ ಕಾಯುತ್ತಾ ಎಷ್ಟು ಮಧ್ಯಾಹ್ನ ಕಳೆದಿದ್ದೇನೋ. 2025ರ ಜುಲೈನಲ್ಲಿ ಸೇತುವೆ ಆಯಿತು, ಸುಮಾರು 2.4 ಕಿ.ಮೀ. ಈಗ ಕೆಲವೇ ನಿಮಿಷದಲ್ಲಿ ಆಚೆ ದಡ. ನನಗೆ ಲಾಂಚ್ ಇಲ್ಲದ್ದು ಬೇಸರ. ಆದರೆ ಆಚೆ ದಡದ ತುಮರಿ ಕಡೆಯವರ ಎದುರು ಈ ಮಾತು ಆಡಬೇಡಿ. ರಾತ್ರಿ ಹೊತ್ತು ನೋವು ಶುರುವಾದ ಗರ್ಭಿಣಿಯನ್ನು ಇಟ್ಟುಕೊಂಡು ಹಿನ್ನೀರಿನ ದಡದಲ್ಲಿ ನಿಂತವರಿಗೆ ಲಾಂಚಿನ ಸೊಬಗು ಗೊತ್ತಾಗುವುದಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಬಿದ್ದದ್ದು ಯಾಕೆ ಅಂದರೆ, ಪಾಚಿ. ಇನ್ನೇನು?

ಧರೆ ಮೇಲಿನ ಮನೆ · ಶನಿವಾರ, ಬೆಳಿಗ್ಗೆ 7:15

ಯಜಮಾನರೇ, ಎಲ್ಲದಕ್ಕೂ ಪಾಚಿ ಮೇಲೆ ಹಾಕಬೇಡಿ. ನಮ್ಮ ಮನೆ ಆ ರಸ್ತೆಯಲ್ಲೇ ಇದೆ, ತೋಟ ರಸ್ತೆಗೆ ತಾಗಿದೆ. ಮಳೆ ಗಾಳಿಗೆ ಅಡಿಕೆ ಹಾಳೆ ರಸ್ತೆಗೆ ಬೀಳುತ್ತದೆ. ಹಾಳೆ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಆಟ ಆಡದ ಮಲೆನಾಡಿನ ಮಕ್ಕಳಿಲ್ಲ. ನೆನೆದ ಹಾಳೆ ಮೇಲೆ ಟಯರ್ ಹತ್ತಿದರೆ ನೀವೂ ಅದೇ ಆಟ ಆಡುತ್ತೀರಿ. ಹಾಳೆ ಗಾಡಿ ಜೊತೆಗೇ ಜಾರಿ ಚರಂಡಿಗೆ ಹೋಗಿರುತ್ತದೆ. ಎದ್ದು ನೋಡಿದರೆ ರಸ್ತೆ ಚೊಕ್ಕ!

ಈಗ ನನ್ನ ಮಾತು. ಹೋಗಬೇಡಿ ಅಂತ ಹೇಳಲ್ಲ, ರಸ್ತೆ ಎಲ್ಲರದ್ದು. ಆದರೆ ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಮುಂದೆ ಸಾಲಾಗಿ ಬೈಕು. ಸೈಲೆನ್ಸರ್ ಬಿಚ್ಚಿಸಿ ಬೇರೆ ಹಾಕಿಸಿರುತ್ತಾರೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತು. ಹಸು ಬೆದರಿ ಬಕೆಟ್ ಒದೆಯುತ್ತದೆ, ಒಂದು ಸಲ ಅಲ್ಲ, ಪ್ರತಿ ವಾರ. ಹೋದ ವರ್ಷ ನಮ್ಮ ಗಿಡ್ಡ ತಳಿಯ ಕರುವಿಗೆ ಒಬ್ಬ ಗುದ್ದಿದ. ಬಿದ್ದ, ಎದ್ದ, ಹೆಲ್ಮೆಟ್ ಸರಿ ಮಾಡಿಕೊಂಡ, ಹೋದ. ಹಿಂದೆ ಬಂದ ಅವನ ಸ್ನೇಹಿತರು ಅವನಿಗೆ ಏನಾಯಿತು ಅಂತ ಕೇಳಿದರು. ಕರುವಿಗೆ ಏನಾಯಿತು ಅಂತ ಯಾರೂ ಕೇಳಲಿಲ್ಲ. ಕಾಲು ಮುರಿದಿತ್ತು.

ನಿಮಗೆ ಅದು ಟೂರ್. ನಮಗೆ ಅದು ಅಂಗಳ.

ಶನಿವಾರ ನಾಲ್ಕು ಗಂಟೆ · ಶನಿವಾರ, ಬೆಳಿಗ್ಗೆ 9:02

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಣ್ಣ. ನಾವು ಬೆಂಗಳೂರಿನಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಬರುವವರು. ಫುಲ್ ಗೇರ್ ಹಾಕಿರುತ್ತೇವೆ. ಜಾಕೆಟ್, ಮೊಣಕಾಲಿಗೆ ಗಾರ್ಡ್, ಬೂಟು. ಶಿಸ್ತಿನಲ್ಲೇ ಓಡಿಸುತ್ತೇವೆ. ನಿಮ್ಮ ಕಡೆಯವರೇ ಮೂರು ಜನ ಕೂತು ಹೆಲ್ಮೆಟ್ ಇಲ್ಲದೆ ಸಂತೆಗೆ ಹೋಗುವುದು ನೋಡಿದ್ದೇನೆ. ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯನ್ನೆಲ್ಲ ರಸ್ತೆ ಬದಿಗೆ ಸುರಿಯುವವರು ಯಾರು?

ಧರೆ ಮೇಲಿನ ಮನೆ · ಶನಿವಾರ, ಬೆಳಿಗ್ಗೆ 9:20

ಸಿಪ್ಪೆ ವಿಷಯ ನಿಜ. ನಮ್ಮದೂ ತಪ್ಪಿದೆ. ಆದರೆ ಬೆಂಗಳೂರಿನಿಂದ ನಾಲ್ಕಕ್ಕೆ ಹೊರಟವರು ಆಗುಂಬೆಗೆ ಬರುವಾಗ ಮುನ್ನೂರೈವತ್ತು ಕಿಲೋಮೀಟರ್ ಆಸುಪಾಸು ಆಗಿರುತ್ತದೆ. ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದಿರಿ ಅಂತ ಕೇಳಬಹುದಾ?

ಶನಿವಾರ ನಾಲ್ಕು ಗಂಟೆ · ಶನಿವಾರ, ಬೆಳಿಗ್ಗೆ 9:41

ಮೂರು ಗಂಟೆ. ಸರಿ, ಅರ್ಥವಾಯಿತು.

ಪಾನಾ ಸೆಟ್ · ಶನಿವಾರ, ಮಧ್ಯಾಹ್ನ 2:30

ತೀರ್ಥಹಳ್ಳಿಯಲ್ಲಿ ಗ್ಯಾರೇಜ್ ನನ್ನದು. ಮಳೆಗಾಲದಲ್ಲಿ ಬಿದ್ದ ಗಾಡಿ ನೆಟ್ಟಗೆ ಮಾಡುವುದೇ ಕೆಲಸ. ಫುಟ್‌ರೆಸ್ಟ್ ಬಗ್ಗಿದ್ದು ನೋಡಿ ಎಲ್ಲಿ ಬಿದ್ದರು ಅಂತ ಅಂದಾಜು ಹೇಳಬಲ್ಲೆ. ತಮಾಷೆಗೆ ಹೇಳಿದೆ.

ನೀವು ಬಿದ್ದದ್ದು ಹಾಳೆಯೋ ಪಾಚಿಯೋ ಗೊತ್ತಿಲ್ಲ. ನಾನು ಮೊದಲು ಕೇಳುವುದು ಟಯರ್ ಬಗ್ಗೆ. ಹಿಂದಿನ ಟಯರ್ ಎಷ್ಟು ಓಡಿತ್ತು? ಟಯರ್ ಗೋಡೆಯ ಮೇಲೆ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗೀರಿನ ಒಳಗೆ ಒಂದು ಉಬ್ಬು ಇದೆ. ಮೇಲಿನ ರಬ್ಬರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಟಯರ್ ಮುಗಿಯಿತು ಅಂತ. ಶಿವಮೊಗ್ಗ ಪೇಟೆಯಲ್ಲಿ ಇನ್ನೂ ಮೂರು ತಿಂಗಳು ಓಡಿಸಬಹುದು ಅನ್ನಿಸುತ್ತದೆ. ಗೀರು ಇರುವುದು ನೀರನ್ನು ಹೊರಗೆ ತಳ್ಳಲಿಕ್ಕೆ. ಅದಿಲ್ಲದಿದ್ದರೆ ಟಯರ್ ನೀರಿನ ಮೇಲೆ ತೇಲುತ್ತದೆ.

ಇನ್ನು ಬ್ರೇಕ್. ನಿಮ್ಮ 150 ಸಿಸಿಗೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ವ್ಯವಸ್ಥೆ, ಇದೆಯಲ್ವಾ? 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗೆಲ್ಲ ಕಡ್ಡಾಯ ಆಯಿತು. ಆದರೆ ಆ ದರ್ಜೆಯ ಎಷ್ಟೋ ಗಾಡಿಗಳಲ್ಲಿ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಗಿರಾಕಿಗಳಿಗೆ ಇದು ಗೊತ್ತೇ ಇರಲ್ಲ. ಎಬಿಎಸ್ ಇದೆ ಅಂತ ಹಿಂದಿನ ಬ್ರೇಕ್ ಮೇಲೆ ನಿಂತುಬಿಡುತ್ತಾರೆ. ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ, ಗಾಡಿ ಸೊಂಟ ತಿರುಗಿಸುತ್ತದೆ. ನೀವು ಬರೆದ ಹಾಗೆಯೇ. ಬಿದ್ದಾಗ ಬಲಗಾಲು ಎಲ್ಲಿತ್ತು, ನೆನಪಿದೆಯಾ?

ಘಾಟಿ ಇಳಿಯುವ ಲೆಕ್ಕ ಸುಲಭ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಆಗುಂಬೆಗೆ ಎರಡು, ತೀರಾ ಕಡಿದಾದ ತಿರುವಿಗೆ ಒಂದು. ಪೆಟ್ರೋಲ್ ಉಳಿಸಲಿಕ್ಕೆ ನ್ಯೂಟ್ರಲ್ ಮಾಡಿ ಇಳಿಯುವವರು ಇದ್ದಾರೆ. ಅವರ ಬ್ರೇಕ್ ಶೂ ನನಗೆ ಬರುತ್ತದೆ, ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿರುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಕಾಲು ಗಂಟೆ ಕಾಯಿರಿ. ಕಾದ ಡಿಸ್ಕ್ ಮೇಲೆ ಬಾಟಲಿ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ. ಹತ್ತುವ ಗಾಡಿಗೆ ದಾರಿ ಬಿಡುವುದು ಇಳಿಯುವವರ ಕೆಲಸ. ಇದು ಮರ್ಯಾದೆಗಲ್ಲ, ನಿಯಮವೇ ಹಾಗಿದೆ.

ಚೈನಿಗೆ ಮಳೆಯಲ್ಲಿ ಹಾಕಿದ ಎಣ್ಣೆ ಒಂದೇ ದಿನಕ್ಕೆ ತೊಳೆದು ಹೋಗುತ್ತದೆ. ಸಣ್ಣ ಬಾಟಲಿಯಲ್ಲಿ ತೊಂಬತ್ತು ನಂಬರ್ ಗೇರ್ ಆಯಿಲ್ ಇಟ್ಟುಕೊಳ್ಳಿ. ಸಂಜೆ ಉಳಿದುಕೊಳ್ಳುವ ಕಡೆ, ಚೈನ್ ಬಿಸಿ ಇರುವಾಗಲೇ ಹಚ್ಚಿ. ಟ್ಯಾಂಕ್ ತೀರ್ಥಹಳ್ಳಿಯಲ್ಲೇ ತುಂಬಿಸಿ.

ಗಾಜನೂರು ಗಾಳಿ · ಶನಿವಾರ, ಮಧ್ಯಾಹ್ನ 3:05

ಟಯರ್ ಹೊಸದಿತ್ತು ಸರ್, ಐದು ಸಾವಿರವೂ ಓಡಿರಲಿಲ್ಲ. ಎಬಿಎಸ್ ಮುಂದೆ ಮಾತ್ರ, ನಿಜ. ಬಲಗಾಲು... ಬ್ರೇಕ್ ಒತ್ತಿದೆ ಅನ್ನಿಸುತ್ತದೆ. ಆದರೆ ಯಾಕೆ ಒತ್ತಿದೆ? ಎದುರಿಗೆ ಯಾರೂ ಇರಲಿಲ್ಲ.

ನೈಟ್ ಡ್ಯೂಟಿ · ಭಾನುವಾರ, ಬೆಳಗಿನ ಜಾವ 4:10

ಶಿವಮೊಗ್ಗದಲ್ಲಿ ನರ್ಸ್. ಈಗ ಸ್ವಲ್ಪ ಬಿಡುವು, ಅದಕ್ಕೆ ಬರೆಯುತ್ತಿದ್ದೇನೆ. ಆಗುಂಬೆ, ಹುಲಿಕಲ್, ಜೋಗದ ದಾರಿಯಲ್ಲಿ ಬಿದ್ದವರನ್ನು ನಾವು ನೋಡುವಾಗ ಆಗಲೇ ಒಂದೂವರೆ ಎರಡು ಗಂಟೆ ಕಳೆದಿರುತ್ತದೆ. ದೂರವೇ ಅಷ್ಟಿದೆ. ಮೊದಲ ಒಂದು ಗಂಟೆ ರಸ್ತೆಯಲ್ಲೇ ಹೋಗಿರುತ್ತದೆ.

ದೇಶದ ಲೆಕ್ಕ ಹೇಳುತ್ತೇನೆ. 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ ಶೇ. 44.5 ಜನ ಎರಡು ಚಕ್ರದವರು. ಹೆಲ್ಮೆಟ್ ಹಾಕದೆ ಸತ್ತವರು 50,029, ಅವರಲ್ಲಿ 14,337 ಜನ ಹಿಂದೆ ಕೂತವರು. ಗಾಜನೂರು ಗಾಳಿಯವರೇ, ಹೆಂಡತಿಯನ್ನು ಕರೆದುಕೊಂಡು ಹೋಗುವುದಾ ಅಂತ ಕೇಳಿದಿರಿ. ಅವರಿಗೆ ಸ್ವಂತ ಹೆಲ್ಮೆಟ್ ಇದೆಯಾ, ಅಥವಾ ಪೊಲೀಸರಿಗೆ ತೋರಿಸುವ ಟೋಪಿಯಾ? ನಮ್ಮಲ್ಲಿ ಗಂಡನಿಗೆ ಮೂರು ಸಾವಿರದ್ದು, ಹೆಂಡತಿಗೆ ರಸ್ತೆ ಬದಿಯ ಇನ್ನೂರರದ್ದು. ಅದರ ಪಟ್ಟಿಯೂ ಹಾಕಿರಲ್ಲ. ಬಿದ್ದಾಗ ತಲೆಗಿಂತ ಮುಂಚೆ ಹೆಲ್ಮೆಟ್ ಹಾರಿ ಹೋಗಿರುತ್ತದೆ. ಸೀರೆ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಬಂದವರನ್ನು ನೋಡಿದ್ದೇನೆ, ವಿವರ ಬೇಡ. ಒಂದು ಬದಿಗೆ ಕೂರಬೇಡಿ. ಪ್ಯಾಂಟ್ ಹಾಕಿಕೊಳ್ಳಲಿ.

ಯಾರಾದರೂ ಬಿದ್ದದ್ದು ನೋಡಿದರೆ 108ಕ್ಕೋ 112ಕ್ಕೋ ಫೋನ್ ಮಾಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿದ್ದರೆ ನೀವೇ ಜಾಸ್ತಿ ಮಾಡಿದ ಹಾಗಾಗುತ್ತದೆ. ಬಾಯಿಗೆ ನೀರು ಬೇಡ. ಆ ಅಜ್ಜಿಯ ಕಷಾಯ ಒಳ್ಳೆ ಮನಸ್ಸಿನದ್ದು, ಆದರೆ ಅವತ್ತು ನಿಮಗೆ ಮಣಿಕಟ್ಟು ಬಿಟ್ಟು ಬೇರೇನೂ ಆಗಿರಲಿಲ್ಲ, ಅದಕ್ಕೆ ನಡೆಯಿತು. ಪೊಲೀಸ್, ಕೋರ್ಟು ಅಂತ ಹೆದರಿ ಜನ ನಿಲ್ಲಿಸುವುದೇ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಅಂತ ಸೇರಿಸಿದ್ದಾರೆ. ಸಹಾಯ ಮಾಡಿದವರ ಮೇಲೆ ಕೇಸು ಇಲ್ಲ, ಇಷ್ಟ ಇಲ್ಲದಿದ್ದರೆ ಹೆಸರೂ ಹೇಳಬೇಕಾಗಿಲ್ಲ.

ಬೆಲ್ ಆಯಿತು. ಹೊರಟೆ.

ಸ್ಕೂಟರ್ ಟೀಚರ್ · ಭಾನುವಾರ, ಬೆಳಿಗ್ಗೆ 8:30

ನೀವೆಲ್ಲ ವರ್ಷಕ್ಕೊಮ್ಮೆ ಸಾಹಸ ಅಂತ ಮಾಡುವುದನ್ನು ನಾನು ದಿನಾ ಶಾಲೆಗೆ ಹೋಗಲಿಕ್ಕೆ ಮಾಡುತ್ತೇನೆ. ಹೊಸನಗರ ತಾಲೂಕು, ಹೋಗಿ ಬರುವುದು ನಲವತ್ತು ಕಿಲೋಮೀಟರ್, 110 ಸಿಸಿ ಸ್ಕೂಟರ್. ಯಾರೂ ನನ್ನನ್ನು ರೈಡರ್ ಅಂದಿಲ್ಲ!

ನನ್ನ ಕೆಲವು ಅನುಭವ. ಸ್ಕೂಟರ್‌ಗೆ ಗೇರ್ ಇಲ್ಲ, ಇಳಿಜಾರಿನಲ್ಲಿ ಭಾರವೆಲ್ಲ ಬ್ರೇಕ್ ಮೇಲೇ. ಹಾಗಾಗಿ ಇಳಿಯುವ ಮೊದಲೇ ನಿಧಾನ ಮಾಡುತ್ತೇನೆ, ಇಳಿಯುತ್ತಾ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಲುಚೀಲದ ಮೇಲೆ ಹಾಲಿನ ಕವರ್, ಅದರ ಮೇಲೆ ಶೂ. ಇದಕ್ಕಿಂತ ಒಳ್ಳೆ ವಾಟರ್‌ಪ್ರೂಫ್ ನಾನು ಕಂಡಿಲ್ಲ. ಹೆಲ್ಮೆಟ್ ಗಾಜಿನ ಒಳಗೆ ಪಾತ್ರೆ ಸೋಪಿನ ಒಂದು ಹನಿ ಒಣಬಟ್ಟೆಯಲ್ಲಿ ಉಜ್ಜಿದರೆ ಉಸಿರಿಗೆ ಮಬ್ಬಾಗುವುದು ಕಡಿಮೆ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ. ಡಿಮ್‌ನಲ್ಲೇ, ಎಡಗಡೆ ಅಂಚಿನ ಬಿಳಿ ಗೆರೆ ನೋಡಿಕೊಂಡು ಹೋಗಬೇಕು. ಗೆರೆ ಇದ್ದರೆ!

ಹೆಂಗಸರು ಟೂರ್ ಹೋಗುವಾಗ ಯಾರೂ ಬರೆಯದ ಒಂದು ಕಷ್ಟ ಇದೆ. ಶೌಚಾಲಯ. ಹೊಸಂಗಡಿ ಬಿಟ್ಟು ಘಾಟಿ ಹತ್ತಲು ಶುರು ಮಾಡಿದರೆ ನಗರದ ತನಕ ಕಷ್ಟವೇ. ಅದಕ್ಕೆ ಹೆದರಿ ನೀರು ಕುಡಿಯದೆ ಕೂತು ತಲೆನೋವು ತರಿಸಿಕೊಳ್ಳುತ್ತಾರೆ. ಮೊದಲೇ ಯೋಚಿಸಿ, ನಾಚಿಕೆ ಬಿಟ್ಟು ಯಾವುದಾದರೂ ಮನೆಯಲ್ಲಿ ಕೇಳಿ. ಮಲೆನಾಡಿನಲ್ಲಿ ಇಲ್ಲ ಅನ್ನುವವರನ್ನು ನಾನು ನೋಡಿಲ್ಲ. ಕಾಫಿ ಕುಡಿಯದೆ ಬಿಡುವುದೂ ಇಲ್ಲ, ಮತ್ತೆ ಅದೇ ಕಷ್ಟ!

ಮಳೆ ಬೇಡ, ಚಳಿಗಾಲಕ್ಕೆ ಹೋಗೋಣ ಅನ್ನುವವರಿಗೆ ಒಂದು ಮಾತು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆ ಕಾಲ. 1957ರಲ್ಲಿ ಇಲ್ಲೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. 2019ರಲ್ಲಿ ಸಾಗರ ತಾಲೂಕಿನ ಅರಲಗೋಡಿನಲ್ಲಿ ಜನ ಸತ್ತದ್ದು ಇನ್ನೂ ಮರೆತಿಲ್ಲ. ಉಣುಗು ಕಚ್ಚಿ ಬರುತ್ತದೆ. ಗಾಡಿ ನಿಲ್ಲಿಸಿ ತರಗೆಲೆ ಮೇಲೆ ಚಾಪೆ ಹಾಸಿ ಕೂತು ಫೋಟೋ ತೆಗೆಸುವವರನ್ನು ಕಂಡರೆ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಮಳೆಗಾಲದಲ್ಲಿ ಇಂಬಳ ಮಾತ್ರ. ಅದು ರಕ್ತ ಕುಡಿದು ತಾನೇ ಹೋಗುತ್ತದೆ, ಜ್ವರ ಬಿಟ್ಟು ಹೋಗುವುದಿಲ್ಲ.

ಬೆಲ್ಲದ ಕಾಫಿ · ಭಾನುವಾರ, ಬೆಳಿಗ್ಗೆ 8:52

ಗೂಗಲ್ ಮ್ಯಾಪಿನಲ್ಲಿ ಸುಮ್ನೆ ಸಿದ್ದಾಪುರ ಅಂತ ಹಾಕಬೇಡಿ. ಜೋಗದ ಆಚೆಯ ಉತ್ತರ ಕನ್ನಡದ ಸಿದ್ದಾಪುರಕ್ಕೆ ಕರೆದುಕೊಂಡು ಹೋಗುತ್ತದೆ. ನಿಮಗೆ ಬೇಕಾದ್ದು ಕುಂದಾಪುರ ಕಡೆಯದ್ದು. ನನ್ನ ಭಾವ ಒಮ್ಮೆ ಮದುವೆ ತಪ್ಪಿಸಿಕೊಂಡಿದ್ದಾರೆ.

ಹಳೇ ಯೆಜ್ಡಿ · ಭಾನುವಾರ, ಬೆಳಿಗ್ಗೆ 9:10

ಯಾರ ಮದುವೆ? ಅವರದ್ದೇ ಅಲ್ಲ ತಾನೇ?

ಹಿಂದಿನ ಸೀಟು · ಭಾನುವಾರ, ರಾತ್ರಿ 9:45

ಗಾಜನೂರು ಗಾಳಿಯವರ ಹೆಂಡತಿ ನಾನೇ. ಮೂರು ದಿನದಿಂದ ಇವರು ಊಟಕ್ಕೆ ಕೂತಾಗಲೂ ಫೋನ್ ನೋಡುತ್ತಿದ್ದರು. ಏನಿದೆ ಅಂತ ನೋಡಿದರೆ ಇದು.

ಪಾಚಿ, ಹಾಳೆ, ಟಯರ್, ಬ್ರೇಕ್ ಅಂತ ಎಲ್ಲರೂ ಎಷ್ಟು ತಲೆ ಕೆಡಿಸಿಕೊಂಡಿದ್ದೀರಿ, ಪಾಪ. ಅವತ್ತು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವರು ನನ್ನ ಹತ್ತಿರ ಮೊದಲು ಹೇಳಿದ್ದು ಏನು ಗೊತ್ತಾ? "ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಗೂಡು ಕಟ್ಟಿವೆ ಕಣೇ, ಮರವೆಲ್ಲ ಬೆಳ್ಳಗಾಗಿದೆ" ಅಂತ. ತಿರುವಿನಲ್ಲಿ ರಸ್ತೆ ನೋಡುವವರಿಗೆ ಹೊಳೆಯ ನಡುವಿನ ಮರದ ಬೆಳ್ಳಕ್ಕಿ ಹೇಗೆ ಕಾಣುತ್ತದೆ ರೀ?

ಹೆಲ್ಮೆಟ್ ನನ್ನದೇ ಬೇರೆ ತೆಗೆದುಕೊಂಡಿದ್ದೇನೆ ನರ್ಸ್ ಅಕ್ಕ, ಐಎಸ್‌ಐ ಗುರುತು ಇರುವುದು. ನಾನು ಹೋಗೇ ಹೋಗುತ್ತೇನೆ. ಹಕ್ಕಿ ನಾನು ನೋಡುತ್ತೇನೆ, ಇವರು ರಸ್ತೆ ನೋಡಲಿ.

ಪಾನಾ ಸೆಟ್ · ಭಾನುವಾರ, ರಾತ್ರಿ 9:58

ಗ್ಯಾರೇಜಿನ ಪರವಾಗಿ ಕೇಸ್ ಮುಗಿಯಿತು.

ಗಾಜನೂರು ಗಾಳಿ · ಭಾನುವಾರ, ರಾತ್ರಿ 10:15

ನೋಡಿದ್ದು ನಿಜ. ಒಂದು ಕ್ಷಣ. ತಿರುಗಿ ನೋಡುವಷ್ಟರಲ್ಲಿ ತಿರುವು ಹತ್ತಿರ ಬಂದಿತ್ತು, ಗಾಬರಿಯಲ್ಲಿ ಬಲಗಾಲು ಒತ್ತಿದೆ. ಒಂದು ವರ್ಷ ನನಗೆ ನಾನೇ ರಸ್ತೆಯ ಕಥೆ ಹೇಳಿಕೊಂಡು ಬಂದೆ.

ಆದರೂ ಅಲ್ಲಿ ಏನೋ ಇತ್ತು. ಬರೀ ಬ್ರೇಕಿಗೆ ಅಷ್ಟು ಜಾರಲ್ಲ.

ಗಾಜನೂರು ಗಾಳಿ · ಆಗಸ್ಟ್, ಎರಡನೇ ಮಂಗಳವಾರ, ರಾತ್ರಿ 8:40

ಹೋಗಿ ಬಂದೆವು. ಇಬ್ಬರೂ ಸರಿಯಾಗಿದ್ದೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ವಾರದ ದಿನ ಹೊರಟೆವು, ಭಾನುವಾರ ಬೇಡ ಅಂತ. ಧರೆ ಮೇಲಿನ ಮನೆಯವರ ಹಸುವಿನ ನೆನಪಾಗಿ ಆ ಕಡೆಯೆಲ್ಲ ಮೂರನೇ ಗೇರಿನಲ್ಲಿ ಸದ್ದಿಲ್ಲದೆ ಹೋದೆ. ಮಂಡಗದ್ದೆ ಹತ್ತಿರ ಆ ತಿರುವಿಗಿಂತ ಮೊದಲೇ ನಿಲ್ಲಿಸಿ ನಡೆದುಕೊಂಡು ಹೋದೆ. ಎರಡು ದಿನದಿಂದ ಮಳೆ ಬಿಟ್ಟಿತ್ತು, ರಸ್ತೆಯೆಲ್ಲ ಒಣಗಿತ್ತು. ಆ ಒಂದು ಜಾಗ ಮಾತ್ರ ಒದ್ದೆ. ಧರೆಯಿಂದ ಜಲ ಒಸರಿ, ಬೆರಳು ದಪ್ಪದ ನೀರು ಟಾರಿನ ಮೇಲೆ ಅಡ್ಡ ಹರಿಯುತ್ತಿತ್ತು. ನಿಂತು ನೋಡಿದರೆ ಬಣ್ಣವೇ ಇಲ್ಲ. ಕೂತು ಕೈಯಲ್ಲಿ ಸವರಿದರೆ ಲೋಳೆ. ಯೆಜ್ಡಿಯವರು ಹೇಳಿದ ಪಾಚಿಯೇ. ಅಂದರೆ ಎಲ್ಲರೂ ಸ್ವಲ್ಪ ಸ್ವಲ್ಪ ಸರಿ, ಹಾಳೆ ಬಿಟ್ಟು. ಆ ಅಜ್ಜಿಯ ಮನೆಗೆ ಹೋದೆವು. ನನ್ನ ಗುರುತು ಸಿಗಲಿಲ್ಲ. "ಇಲ್ಲಿ ತುಂಬಾ ಜನ ಬೀಳುತ್ತಾರಪ್ಪ" ಅಂದರು.

ಬೆಳ್ಳಕ್ಕಿಗಳಿದ್ದವು. ಗಾಡಿ ಸ್ಟ್ಯಾಂಡ್ ಹಾಕಿ ಅರ್ಧ ಗಂಟೆ ನೋಡಿದೆವು. ಗದ್ದಲ ಎಷ್ಟು ಅಂದರೆ ಮದುವೆ ಪಂಕ್ತಿ.

ಆಗುಂಬೆಯಲ್ಲಿ ಘಾಟಿ ಬಾಯಿಗೆ ಬಂದಾಗ ಮಂಜು. ಹತ್ತು ಅಡಿ ಮುಂದಿನದು ಕಾಣುವುದಿಲ್ಲ. ಇಳಿಯೋಣ, ನಿಧಾನ ಹೋದರಾಯಿತು ಅಂತ ನನಗೆ. ಬೇಡ ಅಂತ ಇವಳಿಗೆ. ಐವತ್ತು ನಿಮಿಷ ಕಾದೆವು. ನಿಜ ಹೇಳಬೇಕೆಂದರೆ ಆ ಐವತ್ತು ನಿಮಿಷ ನನಗೆ ಕೋಪ ಬಂದಿತ್ತು. ಮಂಜು ಪರದೆ ಎತ್ತಿದ ಹಾಗೆ ಎದ್ದಿತು. ಎರಡನೇ ಗೇರ್, ಪಾನಾ ಅಣ್ಣ ಹೇಳಿದ ಹಾಗೆ. ಮೂರನೇ ತಿರುವಿನ ನಡುವೆಯೇ ನಾಲ್ಕು ಜನ ಬೈಕ್ ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಕೊಡುತ್ತಿದ್ದರು. ಹತ್ತುವ ಜೀಪಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿದ್ದ. ಕೆಳಗೆ ಸೋಮೇಶ್ವರದಲ್ಲಿ ಗಾಳಿಯೇ ಬೇರೆ, ಬೆಚ್ಚಗೆ, ಉಪ್ಪಿನ ವಾಸನೆ. ಜಾಕೆಟ್ ಒಳಗೆ ಬೆವರು.

ರಾತ್ರಿ ಸಿದ್ದಾಪುರದ ಹತ್ತಿರ ನೆಂಟರ ಮನೆ. ಪತ್ರೊಡೆ ಮಾಡಿದ್ದರು. ಚೈನಿಗೆ ಎಣ್ಣೆ ಹಚ್ಚಿ ಆ ಕೈಯಲ್ಲೇ ಲೋಟ ಮುಟ್ಟಿ ಬೈಸಿಕೊಂಡೆ.

ಮರುದಿನ ಹುಲಿಕಲ್. ಹೊಸಂಗಡಿ ದಾಟುತ್ತಿದ್ದಂತೆ ಮಳೆ ಹಿಡಿಯಿತು. ಮಳೆ ಅಂದರೆ ಹನಿ ಅಲ್ಲ, ಕೊಡಪಾನ ಬೋರಲು ಹಾಕಿದ ಹಾಗೆ. ಚಂಡಿಕಾಂಬ ದೇವಸ್ಥಾನದಲ್ಲಿ ಒಂದೂವರೆ ಗಂಟೆ. ಅಲ್ಲಿ ನಿಂತ ಬಸ್ಸಿನ ಡ್ರೈವರ್ ಕೈಮುಗಿದು, ಕುಂಕುಮ ಇಟ್ಟುಕೊಂಡು, ಆ ದೊಡ್ಡ ತಿರುವಿಗೆ ಬಸ್ಸನ್ನು ಒಂದೇ ಸಲಕ್ಕೆ ಹೇಗೆ ತಿರುಗಿಸಿದರೋ! ಹಿಂದಿನ ಚಕ್ರ ಅಂಚಿಗೆ ಒಂದು ಮೊಳ ಇತ್ತು. ನಮ್ಮದೇನು ಸಾಹಸ ಬಿಡಿ.

ಮಾಸ್ತಿಕಟ್ಟೆ ದಾಟಿ ಮುಂದೆ ಮರ ಬಿದ್ದು ರಸ್ತೆ ಬಂದ್. ಊರವರೇ ಕಂಬಳಿ ಕೊಪ್ಪೆ ಹಾಕಿಕೊಂಡು ಕತ್ತಿ, ಗರಗಸ ತಂದು ಕಡಿಯುತ್ತಿದ್ದರು. ನಾನೂ ಕೊಂಬೆ ಎಳೆದೆ. ಎಡಗೈ ಇನ್ನೂ ಸ್ವಲ್ಪ ನೋಯುತ್ತದೆ. ಫೋನಿಗೆ ಸಿಗ್ನಲ್ ಇಲ್ಲ, ಮನೆಯಲ್ಲಿ ಅಮ್ಮ ಹರಕೆ ಹೊರುತ್ತಿದ್ದರಂತೆ. ನಗರದ ಕೋಟೆ ನೋಡುವುದು ಅಂತ ಇತ್ತು, ಆಗಲಿಲ್ಲ. ಕೆಳದಿ ನಾಯಕರ ಬಿದನೂರನ್ನು 1763ರಲ್ಲಿ ಹೈದರಾಲಿ ಹಿಡಿದದ್ದು ಇಲ್ಲೇ ಅಂತ ಇವಳಿಗೆ ಗಾಡಿ ಮೇಲಿಂದಲೇ ಹೇಳಿದೆ. "ರಸ್ತೆ ನೋಡಿ" ಅಂದಳು.

ನೈಟ್ ಡ್ಯೂಟಿ · ರಾತ್ರಿ 9:15

ನೋಯುವ ಕೈಯಲ್ಲಿ ಮರ ಎಳೆಯಬೇಡಿ. ತೋರಿಸಿ ಒಮ್ಮೆ.

ಧರೆ ಮೇಲಿನ ಮನೆ · ರಾತ್ರಿ 9:30

ಆ ಜಲ ನಮ್ಮ ತೋಟದ್ದೇ ಇರಬೇಕು. ನಾಳೆ ಆಳು ಕರೆದು ಚರಂಡಿಗೆ ದಾರಿ ಬಿಡಿಸುತ್ತೇನೆ. ಮನೆ ಮುಂದೆ ಹೋಗಿಯೂ ಕಾಫಿಗೆ ನಿಲ್ಲಿಸಲಿಲ್ಲವಲ್ಲ. ಅಜ್ಜಿ ಅಂತ ಬರೆದಿರಲ್ಲ, ಅವರು ನಮ್ಮ ದೊಡ್ಡಮ್ಮ.

ಹಿಂದಿನ ಸೀಟು · ರಾತ್ರಿ 9:48

ಎಲ್ಲರಿಗೂ ಒಂದು ವಿನಂತಿ. ಹುಲಿಕಲ್ ಚಂಡಿಕಾಂಬ ದೇವಸ್ಥಾನದ ಕಟ್ಟೆ ಮೇಲೆ ಕಪ್ಪು ಗ್ಲೌಸ್ ಒಂದು ಬಿಟ್ಟು ಬಂದಿದ್ದೇವೆ. ಎಡಗೈದು. ಆ ಕಡೆ ಹೋಗುವವರು ಕಂಡರೆ ಎತ್ತಿಟ್ಟಿರಿ.

ಸ್ಕೂಟರ್ ಟೀಚರ್ · ರಾತ್ರಿ 10:02

ಶನಿವಾರ ನಮ್ಮೆಜಮಾನರು ಆ ಕಡೆ ಹೋಗುತ್ತಿದ್ದಾರೆ, ಹೇಳುತ್ತೇನೆ. ಮಂಗ ಎತ್ತಿಕೊಂಡು ಹೋಗಿರದಿದ್ದರೆ ಸಿಗುತ್ತದೆ.